ಮುಂದಿನ ಸೇತುವೆ

ಕಾರು ಹೊರಟ ಕೂಡಲೇ ಕೂಗತೊಡಗಿತು.

"ಅತ್ತೆಗೂ ಬೆಲ್ಟ್ ಹಾಕ್ಬಿಡಿ ಮಾವ," ಎಂದ ಅಳಿಯ ವಿಘ್ನೇಶ್, ಕನ್ನಡಿಯಲ್ಲಿ ನೋಡುತ್ತ. "ಸೀಟ್ ಮೇಲೆ ಭಾರ ಇದ್ರೆ ಸೆನ್ಸರ್‌ಗೆ ಅದು ಮನುಷ್ಯರೇ."

ಹೆಂಡತಿಯ ಅಸ್ಥಿಯಿದ್ದ ಬಿಳಿ ಪಿಂಗಾಣಿ ಜಾಡಿಗೆ ಚಂದ್ರಮೌಳಿ ಪಟ್ಟಿ ಎಳೆದು ಸಿಕ್ಕಿಸಿದರು. ಸದ್ದು ನಿಂತಿತು. ಅವರಿಗೆ ಹೇಸಿಗೆಯಾಯಿತು. ಯಾವುದರ ಮೇಲೆಂದು ತಿಳಿಯಲಿಲ್ಲ.

ಮಗಳನ್ನು ನೋಡಲು ಜಪಾನಿನ ಹಮಾಮತ್ಸುವಿಗೆ ಬಂದ ಅನಸೂಯಾ ಅಲ್ಲೇ ತೀರಿಕೊಂಡಿದ್ದಳು. ಚಿತಾಗಾರದಲ್ಲಿ ಬಿಳಿ ಕೈಗವಸಿನವನೊಬ್ಬ ಮಾವ ಅಳಿಯ ಇಬ್ಬರಿಗೂ ಊಟದ ಕಡ್ಡಿಗಳಂಥವನ್ನು ಕೊಟ್ಟು, ಒಂದೇ ಮೂಳೆಯನ್ನು ಇಬ್ಬರೂ ಸೇರಿ ಎತ್ತಬೇಕೆಂದು ತೋರಿಸಿದ್ದ. ಚಂದ್ರಮೌಳಿಯವರ ಕಡ್ಡಿ ಜಾರಿತು. ಅಳಿಯನದು ಜಾರಲಿಲ್ಲ. ಆ ಜಾಣತನವನ್ನು ಅವರು ಇನ್ನೂ ಕ್ಷಮಿಸಿರಲಿಲ್ಲ.

ಹತ್ತನೆಯ ದಿನದೊಳಗೆ ಅಸ್ಥಿ ಹರಿಯುವ ನೀರು ಸೇರಬೇಕು, ಇವತ್ತೇ ಕೊನೆ. ಊರಿಗೆ ಒಯ್ಯಲು ಸಮಯವಿಲ್ಲವೆಂದು ಅಳಿಯ ಹೇಳಿದಾಗ ಅವರು ಬೇಗನೆ ಒಪ್ಪಿಬಿಟ್ಟಿದ್ದರು.

ಹೆದ್ದಾರಿ ಕಣಿವೆಯಲ್ಲಿ ನದಿಯ ಜೊತೆಗೇ ಏರುತ್ತಿತ್ತು. ಒಮ್ಮೆ ಎಡದಂಡೆ, ಒಮ್ಮೆ ಬಲದಂಡೆ. ನಡುವೆ ಕೆಂಪು ಸೇತುವೆ, ಹಸಿರು ಸೇತುವೆ. ಭೂಕಂಪದ ಭಯಕ್ಕೆ ಕಂಬಗಳಿಗೆ ಉಕ್ಕಿನ ಕವಚ ತೊಡಿಸಿದ್ದರು. ನೀರಿಗಿಳಿಯುವ ಮೆಟ್ಟಿಲುಗಳ ಬಾಗಿಲಿಗೆಲ್ಲ ಬೀಗ. ಎಲ್ಲವೂ ಆಸ್ಪತ್ರೆಯ ತಟ್ಟೆಯಂತೆ ಚೊಕ್ಕ. ಉಗುಳಲೂ ಜಾಗವಿಲ್ಲ ಎಂದುಕೊಂಡರು.

"ಇಲ್ಲಿ ನಿಲ್ಲಿಸಿ."

"ಬ್ರಿಡ್ಜ್ ಮೇಲೆ ನಿಲ್ಸೋ ಹಾಗಿಲ್ಲ ಮಾವ. ಮುಂದಿನದು ನೋಡೋಣ."

ಮುಂದಿನದರಲ್ಲಿ ಬೆನ್ನಿಗೇ ಲಾರಿಯಿತ್ತು. ಅದರಾಚೆಯದರಲ್ಲಿ ಕ್ಯಾಮೆರಾ.

"ನದಿಗೆ ಅಸ್ಥಿ ಬಿಟ್ರು ಅಂತ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನನ್ನ ವೀಸಾ..."

"ಹಾಗಾದರೆ ಯಾಕೆ ಹೊರಟಿರಿ?"

"ನೀವು ಹೇಳಿದ್ರಿ ಅಂತ." ಹಿಂದಿನ ರಸ್ತೆಯನ್ನು ಕನ್ನಡಿಯಲ್ಲಿ ನೋಡಿಕೊಂಡು, "ನಾನು ಸ್ಲೋ ಮಾಡ್ತೀನಿ, ನೀವು ಕಿಟಕಿಯಿಂದ... ಮಂತ್ರ ಬೇಕಾದ್ರೆ ಮೊದಲೇ ಹೇಳ್ಕೊಂಡ್ಬಿಡಿ."

ಚಂದ್ರಮೌಳಿ ಅವನ ಕತ್ತಿನ ಮೇಲೆ ನೀಟಾಗಿ ಕತ್ತರಿಸಿದ್ದ ಕೂದಲನ್ನೇ ನೋಡುತ್ತ ಕುಳಿತರು.

ಕೊನೆಗೊಂದು ಕಡೆ ಮೆಟ್ಟಿಲ ಬೀಗ ತೆಗೆದಿತ್ತು. ಚಂದ್ರಮೌಳಿ ಜಾಡಿಯನ್ನು ಅಪ್ಪಿಕೊಂಡು ಇಳಿದರು, ಹಿಂದೆಯೇ ಅಳಿಯ. ಕೆಳಗೆ ಮುದುಕನೊಬ್ಬ ಮೀನಿನ ಹೊಟ್ಟೆ ಸೀಳಿ ತೊಳೆಯುತ್ತಿದ್ದ. ಜಾಡಿಯನ್ನು ಕಂಡು ಚಾಕು ಕೆಳಗಿಟ್ಟ. ಟೋಪಿ ತೆಗೆದು ಆಳವಾಗಿ ಬಾಗಿದ. ಬುಟ್ಟಿ ಎತ್ತಿಕೊಂಡು ದೂರ ಸರಿದು ಜಾಗ ಬಿಟ್ಟುಕೊಟ್ಟ.

ಇನ್ನು ತಡೆಯುವವರು ಯಾರೂ ಇರಲಿಲ್ಲ. ನೀರಿನಂಚಿನಲ್ಲಿ ಕರುಳಿನ ತುಣುಕೊಂದು ಕಲ್ಲಿಗೆ ಅಂಟಿ ಅಲುಗುತ್ತಿತ್ತು. ಮುಚ್ಚಳದ ಮೇಲಿಟ್ಟ ಕೈ ಏಳಲಿಲ್ಲ.

"ಇಲ್ಲಿ ಮೈಲಿಗೆ," ಎಂದರು. "ಮುಂದಿನದು ನೋಡೋಣ."

ಅದು ಅಳಿಯನದೇ ಮಾತು, ಅವನದೇ ದನಿ. ವಿಘ್ನೇಶನ ಮುಖ ಹಗುರಾಯಿತು. ತಮ್ಮದೂ ಹಗುರಾಗಿದ್ದು ಅವರಿಗೆ ತಿಳಿಯಿತು; ಬಾಯಲ್ಲಿ ಮೀನಿನ ವಾಸನೆ ತುಂಬಿತು.

"ಇನ್ನೊಂದೇ ಬ್ರಿಡ್ಜ್ ಮಾವ," ಎಂದ ವಿಘ್ನೇಶ್, ಮತ್ತೆ ಕಾರು ಹೊರಡಿಸುತ್ತ. "ಆಮೇಲೆ ರೋಡು ನದಿ ಬಿಟ್ಟು ಟನಲ್‌ಗೆ ಹೋಗುತ್ತೆ."

"ನಿಧಾನ ಮಾಡಿ. ಎದುರು ದಡ ಮುಟ್ಟೋದರೊಳಗೆ ಬಿಡುತ್ತೇನೆ."

ಕಿಟಕಿ ಇಳಿಸಿದರು. ಜಾಡಿಯ ಪಟ್ಟಿ ಬಿಚ್ಚಿದರು. ಕಾರು ಕೂಗತೊಡಗಿತು. ಆ ಕೂಗಿನಲ್ಲಿ ಮಂತ್ರದ ಮೊದಲ ಪದ ಸಿಗಲಿಲ್ಲ. ಸೇತುವೆ ನದಿಯ ಮೇಲೆ ಚಾಚಿತು, ಎದುರಿನ ಬೆಟ್ಟ ಹತ್ತಿರವಾಯಿತು. ಮತ್ತೆ ಸೇತುವೆ ಮೆಲ್ಲನೆ ಬಾಗಿತು, ಬೆಟ್ಟ ದೂರವಾಯಿತು. ಕಾರು ಹೊರಟ ದಡಕ್ಕೇ ಬಂದು ಸೇರಿತ್ತು.

"ಈ ಕಡೆ ಗುಡ್ಡ ಕುಸಿಯುತ್ತೆ," ಎಂದ ವಿಘ್ನೇಶ್. "ಅದಕ್ಕೇ ನದಿ ಮೇಲೆ ಒಂದು ಸುತ್ತು ಹಾಕ್ಸಿ ಮತ್ತೆ ಇಲ್ಲಿಗೇ ತಂದಿದ್ದಾರೆ. ದಾಟೋದೇ ಇಲ್ಲ ಅದು... ಮಾವ, ಅತ್ತೆ ಬೆಲ್ಟು."

ಚಂದ್ರಮೌಳಿ ಪಟ್ಟಿ ಎಳೆದು ಸಿಕ್ಕಿಸಿದರು. ಸದ್ದು ನಿಂತಿತು.