ಯಂಜಿಮಾಳ ನೀಲಿ ನಿಲುವಂಗಿ

"ಅಕ್ಕ, ಆ ನಿನ್ನ ಹಳೇ ನಿಲುವಂಗಿ ಇತ್ತ ಕೊಡು. ಸಗಣಿ ಆರಿಸೋಕೆ ನನ್ನ ಪ್ಯಾಟೆ ಬಟ್ಟೆ ಯಾಕೆ ಹಾಳು ಮಾಡ್ಕೊಳ್ಳಲಿ?"

ಯಂಜಿಮಾ ಬಾಯಿ ತುಂಬ ನಕ್ಕಳು. ಪಟ್ಟಣದಿಂದ ಬಂದಾಗಲೆಲ್ಲ ಗುಡಾರದಲ್ಲಿ ಕಾಲು ಚಾಚಿ ಬಿದ್ದಿರುತ್ತಿದ್ದ ತಮ್ಮ ದಂಬಾ, ಒಲೆಗೆ ಒಣಸಗಣಿ ಆರಿಸಿ ತರುತ್ತೇನೆ ಎನ್ನುವುದೆಂದರೆ! "ಸೂರ್ಯ ಯಾವ ಕಡೆ ಹುಟ್ಟಿದ್ನೋ ಇವತ್ತು?"

"ನೀ ಕಣಿವೆಯಾಚೆ ಸೇವ್ಜಿದಕ್ಕನ ಮನೆಗೆ ಉಣ್ಣೆ ಬಡಿಯೋಕೆ ಹೋಗಿ ಬಾ ಅಂದ್ರೆ."

ಮಾಸಿದ ನೀಲಿ ನಿಲುವಂಗಿಯನ್ನು ಅವಳೇ ತೊಡಿಸಿ, ತನ್ನ ಬಿಳಿ ತಲೆವಸ್ತ್ರ ಸುತ್ತಿ, ಬೆನ್ನಿಗೆ ಬುಟ್ಟಿ ಕಟ್ಟಿದಳು. "ದೂರದಿಂದ ನೋಡಿದ್ರೆ ಥೇಟ್ ನಾನೇ! ಹಿಂದಿನ ಇಳಿಜಾರಲ್ಲಿ ಮೆಲ್ಲಗೆ ಓಡಾಡೋ, ತಾರ್ಬಗದ ಮರಿಗಳು ಈಗಷ್ಟೇ ಹೊರಗೆ ಬರ್ತಿವೆ" ಎಂದಳು.

ಆ ಇಳಿಜಾರಿನ ತಾರ್ಬಗಗಳೆಂದರೆ ಅವಳಿಗೆ ಪ್ರಾಣ. ಬಿಲ ತೋಡಿ ಬಾಳುವ ದೊಡ್ಡ ಅಳಿಲಿನ ಜಾತಿ; ದಪ್ಪ ಮೈ, ಗಿಡ್ಡ ಕಾಲು. ಚಳಿ ಬಂತೆಂದರೆ ಬಿಲದ ಬಾಯಿಗೆ ಕಲ್ಲುಮಣ್ಣು ಜಡಿದು, ಇಡೀ ಸಂಸಾರ ಒಂದರ ಮೇಲೊಂದು ಬಿದ್ದು ನಿದ್ದೆ ಹೊಡೆಯುತ್ತದೆ. ಏಳುವುದು ಹಿಮ ಕರಗುವಾಗಲೇ. ಹದ್ದು ಬರಲಿ, ತೋಳ ಬರಲಿ, ಬಂಡೆಯ ಮೇಲೆ ಕಾವಲು ಕೂತ ಮುದಿ ಹೆಣ್ಣು ಒಂದು ಶಿಳ್ಳೆ ಹಾಕಿದರೆ ಸಾಕು, ಎಲ್ಲ ಮಾಯ. ಯಂಜಿಮಾಳ ನೀಲಿ ನಿಲುವಂಗಿ ಕಂಡರೆ ಮಾತ್ರ ಆ ಮುದುಕಿ ಹೊಟ್ಟೆ ಕೆರೆದುಕೊಂಡು ಸುಮ್ಮನಿರುತ್ತಿತ್ತು.

ಸುತ್ತಲ ಬೆಟ್ಟಗಳಲ್ಲಿ ತೊಗಲಿಗೆಂದು ಹೊಡೆದು ಹೊಡೆದು ಬರೀ ಬಿಲಗಳುಳಿದಿದ್ದವು. ಅವಳಪ್ಪನೇ ದೊಡ್ಡ ಬೇಟೆಗಾರ. ಬಿಳಿ ಬಟ್ಟೆ ತೊಟ್ಟು, ಯಾಕ್ ಬಾಲ ಬೀಸುತ್ತ ಕುಣಿದರೆ, ಇದೇನು ಸೋಜಿಗ ಎಂದು ತಾರ್ಬಗಗಳು ಎದ್ದು ನಿಂತು ನೋಡುತ್ತಿದ್ದವು; ಆಗ ಗುಂಡು. ಸಾಯುವ ವರ್ಷ ಆ ಬಾಲವನ್ನು ಒಲೆಗೆ ಹಾಕಿ, "ನೋಡೋಕೆ ಬಂದವ್ರನ್ನ ಹೊಡ್ದೆ ಕಣವ್ವ" ಎಂದು ಅತ್ತಿದ್ದ. ಈ ಒಂದು ಇಳಿಜಾರನ್ನಾದರೂ ಉಳಿಸುತ್ತೇವೆಂದು ಅಕ್ಕ ತಮ್ಮ ಇಬ್ಬರೂ ಅವನ ಕೈ ಹಿಡಿದು ಆಣೆಯಿಟ್ಟಿದ್ದರು.

ಸಂಜೆ ಯಂಜಿಮಾ ಮರಳಿದಾಗ ಸುಟ್ಟ ಕೂದಲಿನ ವಾಸನೆ ಎದುರಾಯಿತು. ಬೆಂಕಿಯ ಪಕ್ಕ ಕೂತಿದ್ದ ದಂಬಾ, ಮಾಂಸ ಬೇಯಿಸಲು ಅದರೊಳಗೆ ತುಂಬಿದ್ದ ಬಿಸಿ ಕಲ್ಲೊಂದನ್ನು ಅವಳ ಅಂಗೈಗೆ ಹಾಕಿದ. "ಬಿಗಿಯಾಗಿ ಹಿಡ್ಕೋ ಅಕ್ಕ, ಕೈ ನೋವು ಹೋಗುತ್ತೆ."

ಅಭ್ಯಾಸಬಲದಿಂದ ಹಿಡಿದಳು. ಕೊಬ್ಬು ಬೆರಳ ಸಂದಿಯಲ್ಲಿ ಇಳಿಯಿತು. ಆಮೇಲೆ ಕಂಡದ್ದು ಬೂದಿಯಲ್ಲಿದ್ದ ಗಿಡ್ಡ ಕಾಲುಗಳು, ಜೀಪಿನಲ್ಲಿದ್ದ ಉಬ್ಬಿದ ಗೋಣಿಚೀಲ.

"ಮನುಷ್ಯನ ಮಾಂಸ ತೆಗ್ದಿಟ್ಟಿದ್ದೀನಿ, ಸಂಪ್ರದಾಯ ಬಿಟ್ಟಿಲ್ಲ" ಎಂದ. ತಾರ್ಬಗ ಹಿಂದೊಮ್ಮೆ ಮನುಷ್ಯನಾಗಿತ್ತೆಂದು ಅದರ ಮೈಯಲ್ಲಿ 'ಮನುಷ್ಯನ ಮಾಂಸ' ಎನ್ನುವ ಒಂದು ತುಣುಕನ್ನು ಅಲ್ಲಿ ಯಾರೂ ತಿನ್ನುವುದಿಲ್ಲ.

"ಹೆಂಗೋ? ಅವು ನಿನ್ನನ್ನ ಹತ್ರ ಹೆಂಗೆ ಬಿಟ್ಕೊಂಡ್ವು?"

"ಬುಟ್ಟೀಲಿ ಕೋವಿ ಇಟ್ಕೊಂಡಿದ್ದೆ. ಒಂದಾದ್ರೂ ಶಿಳ್ಳೆ ಹಾಕ್ಬೇಕಲ್ಲ! ಗುಂಡಿನ ಸದ್ದಿಗೆ ಒಳಗೆ ಓಡ್ತವೆ, ಸ್ವಲ್ಪ ಹೊತ್ತಿಗೆ ಇಣುಕಿ, ಓ, ಅಕ್ಕನೇ ಅಂತ ಮತ್ತೆ ಬರ್ತವೆ. ಅಪ್ಪನ ಯಾಕ್ ಬಾಲಕ್ಕಿಂತ ನಿನ್ನ ಅಂಗಿನೇ ವಾಸಿ ಕಣಕ್ಕ!"

"ಉಂಡ ಮನೆ ಜಂತೆ ಎಣಿಸ್ಬಿಟ್ಟೆಯಲ್ಲೋ, ಪಾಪಿ! ನನ್ನ ಬಟ್ಟೇಲೇ ಅವುಗಳ ಕತ್ತು ಕೊಯ್ದೆಯಲ್ಲೋ!" ಕೈ ಸುಡುತ್ತಿದೆ ಎಂದು ಅವಳಿಗೆ ಆಗಲೇ ತಿಳಿದದ್ದು. ಕಲ್ಲನ್ನು ಬೆಂಕಿಗೆ ಎಸೆದಳು. "ಎದ್ದು ಹೋಗು. ಇನ್ನು ನನ್ನ ಹೊಸ್ತಿಲು ತುಳೀಬೇಡ."

"ಬಿಲದ ಪ್ರಾಣಿಗೋಸ್ಕರ ಒಡಹುಟ್ಟಿದವನನ್ನ ಓಡಿಸ್ತೀಯಾ?"

ಅವನು ಬಿಚ್ಚಿಟ್ಟಿದ್ದ ನಿಲುವಂಗಿಯನ್ನು ಎತ್ತಿಕೊಂಡು ಅವಳು ಗುಡಾರದೊಳಗೆ ಹೋದಳು. ಜೀಪು ಹೋಯಿತು, ಚೀಲವೂ ಹೋಯಿತು.

ಬೆಳಿಗ್ಗೆ ಅದೇ ನಿಲುವಂಗಿ ತೊಟ್ಟು ಇಳಿಜಾರಿಗೆ ಹೋದಳು. ಸಗಣಿ ಆರಿಸುವ ಕೆಲಸಕ್ಕೆ ಬೇರೆ ಬಟ್ಟೆ ಇರಲಿಲ್ಲ. ತೋಳಿಗೆ ಕೋವಿಮದ್ದಿನ ವಾಸನೆ ಅಂಟಿತ್ತು. ಬಂಡೆ ಖಾಲಿ. ಎಷ್ಟೋ ಹೊತ್ತಿನ ಮೇಲೆ ಒಂದು ಬಿಲದ ಅಂಚಿನಲ್ಲಿ ಮರಿಯೊಂದು ತಲೆಯೆತ್ತಿತು. ಯಂಜಿಮಾ ಉಸಿರು ಬಿಗಿಹಿಡಿದು ಕುಕ್ಕರಗಾಲಲ್ಲಿ ಕೂತಳು.

"ಹೆದರ್ಬೇಡ ಮಗಾ, ನಾನೇ" ಎಂದಳು.

ಮರಿ ಹಿಂಗಾಲ ಮೇಲೆ ಎದ್ದು ನಿಂತು ಅವಳನ್ನು ನೋಡಿತು. ಇನ್ನೂ ಸರಿಯಾಗಿ ಕಲಿಯದ ಗಂಟಲಿನಿಂದ ಸಣ್ಣಗೆ ಶಿಳ್ಳೆ ಹಾಕಿ ಒಳಗೆ ಹೊಕ್ಕಿತು.

ಗಾಳಿ ತಣ್ಣಗೆ ಬೀಸುತ್ತಿತ್ತು. ಯಂಜಿಮಾ ಕೂತಲ್ಲೇ ನಿಲುವಂಗಿಯ ಗುಂಡಿಗಳನ್ನು ಬಿಚ್ಚತೊಡಗಿದಳು.