ನಾಲ್ಕನೆಯ ನಟ್ಟು

ಕಾರಿನ ಹಳೆಯ ಬಾನೆಟ್ಟು ಕೀಲು ಬಿಟ್ಟು ಮೇಲೆದ್ದಾಗ ಮೇಸ್ತ್ರಿಯ ತಮ್ಮ ಒಂದು ಕಡೆ, ಪಂಕ್ಚರ್ ಅಂಗಡಿಯವನು ಇನ್ನೊಂದು ಕಡೆ ಹಿಡಿದಿದ್ದರು. ನಿದ್ದೆ ಹೋದ ಮಗುವನ್ನು ತೊಟ್ಟಿಲಿನಿಂದ ಎತ್ತುವವರ ಹಾಗೆ ಇಬ್ಬರೂ ಉಸಿರು ಬಿಗಿಹಿಡಿದು, ಅಡ್ಡಹೆಜ್ಜೆ ಹಾಕುತ್ತ ಹೋಗಿ, ಗೋಡೆಯ ಬುಡಕ್ಕೆ ಹಾಸಿದ್ದ ಗೋಣಿತಾಟಿನ ಮೇಲೆ ಅದನ್ನು ಒರಗಿಸಿದರು.

"ಅಂತೂ ನಿಮ್ಮ ಗಾಡಿಗೂ ಒಂದು ಮೂಗು ಬರೋ ಯೋಗ ಬಂತು ಮೇಸ್ತ್ರಿ," ಎಂದ ಪಂಕ್ಚರ್ ಅಂಗಡಿಯವನು, ಸೊಂಟ ನೀವಿಕೊಳ್ಳುತ್ತ. "ಇಷ್ಟು ದಿನ ಪಾಪ, ಬಾಯಲ್ಲೇ ಉಸಿರಾಡ್ತಿತ್ತು."

ಮೇಸ್ತ್ರಿ ಎಡಗಡೆಯ ಮುಂಚಕ್ರದ ಪಕ್ಕದಲ್ಲಿ, ಕೈಯಿರುವ ಕುರ್ಚಿಯಲ್ಲಿ ಕೂತಿದ್ದ. ಮುಖದ ಎಡ ಅರ್ಧ ನಕ್ಕಿತು. ಬಲ ಅರ್ಧ ಹನ್ನೊಂದು ತಿಂಗಳಿಂದ ಯಾವ ಮಾತಿಗೂ ನಕ್ಕಿರಲಿಲ್ಲ.

ಆ ಕಾರನ್ನು ಕಂಪನಿಯವರು ಎರಡು ಬಗೆಯಲ್ಲಿ ತಯಾರಿಸಿದ್ದರು. ಒಂದು ಎಲ್ಲರೂ ಕೊಳ್ಳುವಂಥದು. ಇನ್ನೊಂದು ವೇಗದ ಹುಚ್ಚಿರುವವರಿಗಾಗಿ ಬೆರಳೆಣಿಕೆಯಷ್ಟು ಮಾಡಿದ್ದು. ಅದೇ ಮೈ, ಅವೇ ಬಾಗಿಲು. ಆದರೆ ಬಾನೆಟ್ಟು ಹಗುರವಾದ ಅಲ್ಯೂಮಿನಿಯಮ್ಮಿನದು, ಅದರ ನಡುವೆ ಗಾಳಿ ಹೀರಲೆಂದು ಉಬ್ಬಿದ ಒಂದು ಮೂಗು, ಮೂಗಿನ ಕೆಳಗೆ ದೊಡ್ಡ ಗಾಳಿಪೆಟ್ಟಿಗೆ. ಓಡುವಾಗ ಗಾಳಿ ಮೂಗಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಎಂಜಿನ್ನಿನ ಗಂಟಲಿಗೆ ನೇರವಾಗಿ ಇಳಿಯುತ್ತಿತ್ತು. ಮೇಸ್ತ್ರಿಯದು ಮೊದಲನೆಯ ಬಗೆಯ ಕಾರು. ಗುಜರಿಗೆ ಹೊರಟಿದ್ದನ್ನು ದಾರಿಯಲ್ಲಿ ತಡೆದು ತಂದದ್ದು. ಅದರ ಎಂಜಿನ್ನನ್ನು ಅವನು ಆರು ವರ್ಷ, ಮಧ್ಯಾಹ್ನದ ಊಟವಾದ ಮೇಲೆ ಸಿಗುವ ಒಂದೊಂದು ಗಂಟೆಯಲ್ಲಿ, ಬಿಚ್ಚಿ, ಉಜ್ಜಿ, ಅಳೆದು, ಮತ್ತೆ ಕೂಡಿಸಿದ್ದ. ಕೊನೆಯ ಬೋಲ್ಟು ಬಿಗಿದು ಹದಿನೈದು ದಿನಕ್ಕೆ ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋಯಿತು. ಆ ಕೈ ಕೊನೆಯದಾಗಿ ಮಾಡಿದ ಕೆಲಸ ಆ ಎಂಜಿನ್ನು. ಅಂಥ ಇನ್ನೊಂದನ್ನು ಅದು ಮಾಡುವುದಿಲ್ಲ ಎನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಅಂದಿರಲಿಲ್ಲ.

ತಮ್ಮನದು ತಗಡಿನ ಕೆಲಸ. ನೆಗ್ಗಿದ್ದನ್ನು ಎತ್ತುವುದು, ಬಣ್ಣ ಹೊಡೆಯುವುದು, ಬಾಗಿಲು ಕೂರಿಸುವುದು ಇವುಗಳಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಆದರೆ ಎಂಜಿನ್ನಿನ ಹತ್ತಿರ ಅಣ್ಣ ಅವನನ್ನು ಬಿಟ್ಟುಕೊಂಡವನಲ್ಲ. ನಿನ್ನದು ಚರ್ಮ, ನನ್ನದು ಕರುಳು, ನಿನ್ನ ಪಾಡಿಗೆ ನೀನಿರು ಎನ್ನುತ್ತಿದ್ದ. ಅಣ್ಣ ಕುರ್ಚಿಗೆ ಬಿದ್ದ ಮೇಲೆ ತಮ್ಮ ಊರೂರು ಗುಜರಿ ಅಂಗಡಿ ಸುತ್ತಿ, ಹಿಂಭಾಗ ಜಜ್ಜಿಹೋದ ಒಂದು ವೇಗದ ಕಾರನ್ನು ಪತ್ತೆ ಹಚ್ಚಿದ್ದ. ಅದರ ಬಾನೆಟ್ಟಿಗೂ ಗಾಳಿಪೆಟ್ಟಿಗೆಗೂ ಒಂದು ಗೀರೂ ಬಿದ್ದಿರಲಿಲ್ಲ. ಗುಜರಿಯವನ ಸ್ವಂತ ಗಾಡಿಗೆ ಬಣ್ಣ ಹೊಡೆದುಕೊಟ್ಟು, ಎರಡನ್ನೂ ಕಂಬಳಿಯಲ್ಲಿ ಸುತ್ತಿ ತಂದಿದ್ದ. ಅಣ್ಣನ ಕಣ್ಣೆದುರೇ ಕೂರಿಸುತ್ತೇನೆ, ಅವನಿಗೆ ಅದಕ್ಕಿಂತ ದೊಡ್ಡ ಔಷಧಿ ಇಲ್ಲ ಎಂದು ಅತ್ತಿಗೆಗೆ ಹೇಳಿದ್ದ.

ಮೇಸ್ತ್ರಿಯ ಮಾತು ಹೋದ ಬಗೆಯೇ ವಿಚಿತ್ರವಾಗಿತ್ತು. ನೀರು ಬೇಕೆಂದು ಅವನಿಗೆ ಗೊತ್ತಿರುತ್ತಿತ್ತು, ನೀರು ಎಂಬ ಪದ ನಾಲಿಗೆಗೆ ಇಳಿಯುತ್ತಿರಲಿಲ್ಲ. ಹಾಗಿದ್ದವನು ಮೂರನೆಯ ವಾರದ ಒಂದು ಬೆಳಿಗ್ಗೆ, ಹೆಂಡತಿ ದೀಪದ ಮುಂದೆ ಕೂತು ಪ್ರಾರ್ಥನೆ ಹೇಳುತ್ತಿದ್ದಾಗ, ಹಾಸಿಗೆಯಿಂದಲೇ ದನಿಗೂಡಿಸಿದ. ಎಳವೆಯಲ್ಲಿ ಕಲಿತ ಹನ್ನೆರಡು ಸಾಲೂ ಒಂದಕ್ಷರ ತಪ್ಪದೆ ಬಂದವು. ಅವಳು ಮುಗಿದ ಕೈ ಬಿಡಿಸದೆ ಅಲ್ಲೇ ಅತ್ತಳು. ಸಾಲಾಗಿ ಬಾಯಿಪಾಠವಾದದ್ದು ತಲೆಯ ಬೇರೆ ಮೂಲೆಯಲ್ಲಿ ಇರುತ್ತದಮ್ಮ, ಪ್ರಾರ್ಥನೆ, ವಾರಗಳ ಹೆಸರು, ಎಣಿಕೆ ಇಂಥವು ಉಳಿದುಬಿಡುತ್ತವೆ ಎಂದು ಆಮೇಲೆ ಡಾಕ್ಟರಮ್ಮ ತಿಳಿಸಿ ಹೇಳಿದಳು. ಆದರೆ ಅವು ಮೊದಲಿನಿಂದಲೇ ಹೊರಡಬೇಕು. ಹೊರಟರೆ ಬೇಕಾದಲ್ಲಿ ನಿಲ್ಲಿಸಲು ಅವರಿಗೆ ಆಗುವುದಿಲ್ಲ. ತನ್ನ ಹೆಸರನ್ನು ಉಳಿಸಿ ನೀರಿನ ಹೆಸರನ್ನು ಕಿತ್ತುಕೊಂಡ ದೇವರು ಏನನ್ನು ನೆನೆದು ಹಾಗೆ ಮಾಡಿದನೋ ಎಂದು ಹೆಂಡತಿ ಯಾರನ್ನೂ ಕೇಳಲಿಲ್ಲ. ದಿನಾ ಬೆಳಿಗ್ಗೆ ಅವನ ಹಾಸಿಗೆಯನ್ನು ದೀಪದ ಕಡೆಗೆ ಇನ್ನೊಂದು ಚೂರು ಎಳೆದಳು, ಅಷ್ಟೇ.

ಈಗ ತಮ್ಮ, ಹಳೆಯ ಗಾಳಿಪೆಟ್ಟಿಗೆಗೆ ಕೈಹಾಕಿದ್ದ. ಸ್ಟೀಲಿನ ತಟ್ಟೆಯನ್ನು ಹುಡುಕಿ ತಂದು, ಅಂಗಿಯ ಅಂಚಿಗೆ ಒರೆಸಿ, ಅಣ್ಣನಿಗೆ ತೋರಿಸಿದ. ಆ ಅಂಗಡಿಯಲ್ಲಿ ಬಿಚ್ಚಿದ ನಟ್ಟುಗಳೆಲ್ಲ ಗಟ್ಟಿಯಾಗಿ ಎಣಿಸಿಕೊಂಡೇ ಆ ತಟ್ಟೆಗೆ ಬೀಳಬೇಕು. ಕೆಲಸ ಮುಗಿದಾಗ ತಟ್ಟೆ ಖಾಲಿಯಾಗಿರಬೇಕು. ಖಾಲಿ ತಟ್ಟೆಯನ್ನು ಗಿರಾಕಿಯ ಮುಖದ ಮುಂದೆ ಹಿಡಿದ ಮೇಲೆಯೇ ಬಾನೆಟ್ಟು ಮುಚ್ಚುವುದು. ನಲವತ್ತು ವರ್ಷ ಹೀಗೇ ನಡೆದು ಜನರ ಬಾಯಲ್ಲಿ ಅವನು ತಟ್ಟೆ ಮೇಸ್ತ್ರಿಯಾಗಿದ್ದ. ಮೊದಲ ಸಲ ಬಂದವರು ಇದ್ಯಾಕೆ ಈ ಮನುಷ್ಯ ತಟ್ಟೆ ಚಾಚುತ್ತಾನೆ, ಊಟ ಹಾಕಬೇಕೋ ಏನೋ ಎಂದು ತಬ್ಬಿಬ್ಬಾಗುತ್ತಿದ್ದರು.

"ಒಂದು. ಎರಡು. ಮೂರು. ನಾಲ್ಕು," ಎಂದು ತಮ್ಮ ಎಣಿಸಿದ. ಕಡಲೆಕಾಳಿನಷ್ಟು ದಪ್ಪದ ನಾಲ್ಕು ನಟ್ಟುಗಳು ತಟ್ಟೆಯಲ್ಲಿ ಕುಣಿದು ಕೂತವು. ಕುರ್ಚಿಯಿಂದ ಮೇಸ್ತ್ರಿಯ ದನಿಯೂ ಜೊತೆಗೆ ಹೊರಟಿತು, ಆದರೆ ಅದು ನಾಲ್ಕಕ್ಕೆ ನಿಲ್ಲದೆ ಇಪ್ಪತ್ತರ ತನಕ ಹೋಗಿ ದಣಿದು ನಿಂತಿತು. ಪಂಕ್ಚರ್ ಅಂಗಡಿಯವನು, ಇಷ್ಟೊಂದು ನಟ್ಟು ಇದ್ರೆ ಹೊಸ ಕಾರೇ ಮಾಡಬಹುದಲ್ಲ ಎಂದು ನಕ್ಕ. ಮೇಸ್ತ್ರಿಯೂ ನಕ್ಕ.

ತಮ್ಮ ಎಲ್ಲವನ್ನೂ ಅಣ್ಣ ಮಾಡುತ್ತಿದ್ದ ಹಾಗೇ ಮಾಡಿದ. ಹಳೆಯ ಪೆಟ್ಟಿಗೆ ತೆಗೆದ ಕೂಡಲೆ, ತೆರೆದುಕೊಂಡ ಎಂಜಿನ್ನಿನ ಗಂಟಲಿಗೆ ಏನೂ ಬೀಳದಿರಲೆಂದು ಒಗೆದ ಬಟ್ಟೆಯ ಉಂಡೆ ತುರುಕಿದ. ಹೊಸ ಪೆಟ್ಟಿಗೆಯ ಜೊತೆಗೆ ನಟ್ಟು ಬಂದಿರಲಿಲ್ಲ. ಒಂದೇ ಕಂಪನಿಯದಾದ್ದರಿಂದ ಹಳೆಯವೇ ಸರಿಹೋಗುತ್ತಿದ್ದವು. ಒಂದು ವಿಷಯ ಮಾತ್ರ ಅವನ ಗಮನಕ್ಕೆ ಬರಲಿಲ್ಲ. ಹಳೆಯ ಪೆಟ್ಟಿಗೆಗೆ ನಾಲ್ಕು ಕಾಲು. ಹೊಸದಕ್ಕೆ ಮೂರೇ.

ಮೇಸ್ತ್ರಿ ಅದನ್ನು ಕಂಬಳಿ ಬಿಚ್ಚಿದಾಗಲೇ ನೋಡಿಕೊಂಡಿದ್ದ.

ಹೊಸ ಪೆಟ್ಟಿಗೆಯನ್ನು ಓರೆಮಾಡಿ ಇಳಿಸುವಾಗ ಕೈಗೆ ಹತ್ತಿರವಿರಲಿ ಎಂದು ತಮ್ಮ ತಟ್ಟೆಯನ್ನು ಎಂಜಿನ್ನಿನ ಮೇಲೇ ಇಟ್ಟ. ಪೆಟ್ಟಿಗೆಯ ಮೂಲೆ ತಟ್ಟೆಗೆ ತಗುಲಿ ಟಿಣ್ ಎಂದಿತು. ಒಂದು ನಟ್ಟು ಹಾರಿತು. ಹಾರಿದ್ದು ನೆಲಕ್ಕೆ ಬೀಳಬೇಕು, ಬಿದ್ದರೆ ಇನ್ನೊಂದು ಸದ್ದಾಗಬೇಕು. ಸದ್ದಾಗಲಿಲ್ಲ. ಮೇಸ್ತ್ರಿ ಕತ್ತು ಚಾಚಿದ. ಗಂಟಲಿಗೆ ತುರುಕಿದ್ದ ಬಟ್ಟೆಯ ಮಡಿಕೆಯಲ್ಲಿ ನಟ್ಟು ಹೊಳೆಯುತ್ತ ಕೂತಿತ್ತು, ಮೆತ್ತಗೆ, ಗೂಡಿನಲ್ಲಿ ಮೊಟ್ಟೆ ಕೂತ ಹಾಗೆ.

ತಮ್ಮ, ಪೆಟ್ಟಿಗೆಯ ಮೂರು ಕಾಲಿಗೆ ಮೂರು ನಟ್ಟು ಬಿಗಿದ. ತಟ್ಟೆ ನೋಡಿದ. ಖಾಲಿ. ಅವನ ಮುಖ ಅರಳಿತು. ಇನ್ನು ಪೆಟ್ಟಿಗೆಯ ರಬ್ಬರ್ ಕೊಳವೆಯನ್ನು ಗಂಟಲಿಗೆ ಸಿಕ್ಕಿಸುವುದೊಂದು ಬಾಕಿ. ಅವನು ಬಟ್ಟೆಯ ತುದಿ ಹಿಡಿದ.

ಮೇಸ್ತ್ರಿ ಎಡಗೈಯಿಂದ ಕುರ್ಚಿಯ ಕೈ ಗುದ್ದಿದ. ತಮ್ಮ ತಿರುಗಿ ನೋಡಿ, "ಮರೀತೀನಾ ಅಣ್ಣ, ಬಟ್ಟೆ ತೆಗೀತಾ ಇದ್ದೀನಿ ನೋಡು," ಎಂದು ಎಳೆದ. ಒಳಗೆ ಟಿಕ್ ಎಂದಿತು. ಮಾತಿನಲ್ಲಿದ್ದ ತಮ್ಮನಿಗಾಗಲಿ, ಸ್ಪ್ಯಾನರು ಜೋಡಿಸುತ್ತಿದ್ದ ಪಂಕ್ಚರ್ ಅಂಗಡಿಯವನಿಗಾಗಲಿ ಕೇಳುವಷ್ಟು ದೊಡ್ಡದಲ್ಲ ಆ ಸದ್ದು. ಕೊಳವೆ ಗಂಟಲನ್ನು ಮುಚ್ಚಿತು.

ಎಂಜಿನ್ನಿನ ಗಂಟಲಿನಲ್ಲಿ ಒಂದು ಸಣ್ಣ ಕದವಿರುತ್ತದೆ. ಎಂಜಿನ್ನು ಸುಮ್ಮನೆ ತಿರುಗುತ್ತಿರುವಾಗ ಅದು ಮುಚ್ಚಿದಂತೆಯೇ ಇರುತ್ತದೆ. ಕಾಲಿಟ್ಟು ಜೋರಾಗಿ ಒತ್ತಿದಾಗಷ್ಟೇ ಪೂರ್ತಿ ತೆರೆಯುತ್ತದೆ. ನಟ್ಟು ಈಗ ಆ ಕದದ ಮುಂದೆ ಬಿದ್ದಿದೆ. ತೆರೆದ ಗಳಿಗೆಯಲ್ಲಿ ಒಳಗೆ ಹೋಗುತ್ತದೆ, ಆಮೇಲೆ ಆರು ವರ್ಷದ ಕೆಲಸಕ್ಕೆ ಆರು ಉಸಿರಿನ ಆಯುಷ್ಯವೂ ಇಲ್ಲ. ಇಷ್ಟೆಲ್ಲ ಮೇಸ್ತ್ರಿಯ ತಲೆಯಲ್ಲಿ ಬರೆದಿಟ್ಟ ಹಾಗೆ ಇತ್ತು. ಹೇಳಬೇಕಾದದ್ದು ಒಂದೇ ಒಂದು ಪದ. ತಟ್ಟೆಯಲ್ಲಿ ಒಂದು ಉಳಿಯಬೇಕಿತ್ತು.

ಅವನು ಕಣ್ಣು ಮುಚ್ಚಿ, ತುಟಿ ಕೂಡಿಸಿ, ಎಚ್ಚರದಿಂದ ಶುರುಮಾಡಿದ. "ಒಂದು," ಎಂದ. ಅಲ್ಲಿಗೆ ಹಲ್ಲು ಕಚ್ಚಿದ. ಹಲ್ಲಿನ ಸಂದಿಯಿಂದ ಎರಡು ಹೊರಬಂತು, ಅದರ ಬೆನ್ನಿಗೆ ಮೂರು, ನಾಲ್ಕು, ಐದು. ಇಳಿಜಾರಿನಲ್ಲಿ ಬ್ರೇಕಿಲ್ಲದ ಗಾಡಿಯ ಹಾಗೆ ಎಣಿಕೆ ಅವನನ್ನು ಎಳೆದುಕೊಂಡು ಓಡಿತು.

"ಹ್ಞೂಂ ಅಣ್ಣ, ಎಣಿಸಿದ್ದೀನಿ. ತಗೋ, ನೀನೇ ನೋಡು," ಎಂದು ತಮ್ಮ ತಟ್ಟೆಯನ್ನು ತಂದು ಅವನ ಮುಖದ ಮುಂದೆ ಹಿಡಿದ. ನಲವತ್ತು ವರ್ಷ ಬೇರೆಯವರಿಗೆ ತೋರಿಸಿದ್ದ ಖಾಲಿ ತಟ್ಟೆಯಲ್ಲಿ ಮೇಸ್ತ್ರಿಗೆ ತನ್ನದೇ ಸೊಟ್ಟ ಮುಖ ಕಂಡಿತು.

ಅವನು ಎಡಗೈಯಿಂದ ಎಂಜಿನ್ನಿನ ಕಡೆಗೆ ತೋರಿಸಿದ. ತಮ್ಮ ಆ ಕೈಯನ್ನು ಮೃದುವಾಗಿ ಹಿಡಿದು, ಹೊಸ ಗಾಳಿಪೆಟ್ಟಿಗೆಯ ಮೇಲೆ ಇಡಿಸಿದ. ಮೇಸ್ತ್ರಿ ಕೈ ಕಿತ್ತುಕೊಂಡು ಒಂದು ಬೆರಳು ಎತ್ತಿದ. ಮೊದಲು ನಾನೊಂದು ಸುತ್ತು ಹೋಗಿ ನೋಡಿಕೊಂಡು ಬರುತ್ತೇನೆ, ಎರಡನೇ ಸುತ್ತಿಗೆ ನಿನ್ನನ್ನೇ ಕೂರಿಸುತ್ತೇನೆ ಎಂದ ತಮ್ಮ. ಮೇಸ್ತ್ರಿ ತಟ್ಟೆಯನ್ನು ಕಸಿದು ನೆಲಕ್ಕೆ ಬಡಿದ. ಆ ಸದ್ದಿಗೆ ಒಳಗಿನಿಂದ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಬೆಳಗಿಂದ ಕೂತಿದ್ದಾರೆ, ಬೆನ್ನು ಸೋತಿರತ್ತೆ," ಎಂದಳು. ಅವನ ಹಸಿವು, ಸೆಕೆ, ಮೈನೋವು ಎಲ್ಲವನ್ನೂ ಕಣ್ಣಿನಲ್ಲೇ ಓದಲು ಕಲಿತಿದ್ದಳು. ಹನ್ನೊಂದು ತಿಂಗಳಲ್ಲಿ ಅವಳ ಊಹೆ ತಪ್ಪಿದ್ದು ಕಡಿಮೆ. ತಟ್ಟೆಯನ್ನು ಎತ್ತಿ, ಒರೆಸಿ, ಅವನ ಪಕ್ಕದ ಸ್ಟೂಲಿನ ಮೇಲಿಟ್ಟು, ಬೆನ್ನಿಗೆ ದಿಂಬು ಕೊಟ್ಟಳು.

ಹೊಸ ಬಾನೆಟ್ಟು ಕೂರಿಸುವುದರಲ್ಲಿ ತಮ್ಮನಿಗೆ ಸರಿಸಾಟಿಯಿಲ್ಲ. ಕೀಲುಗಳನ್ನು ಅರ್ಧ ಬಿಗಿದು, ಬೆರಳಿನಿಂದ ಎರಡೂ ಬದಿಯ ಸಂದು ಅಳೆದು, ಕೂದಲೆಳೆಯಷ್ಟು ಸರಿಸಿ, ಮತ್ತೆ ಅಳೆದ. ಎಡಕ್ಕೂ ಬಲಕ್ಕೂ ಒಂದೇ ಸಂದು ಬಂತು. ಮೂಗು ಪೆಟ್ಟಿಗೆಯ ರಬ್ಬರಿನ ಮೇಲೆ ಮುತ್ತಿಟ್ಟ ಹಾಗೆ ಕೂತಿತು. ಅಂಗೈಯಿಂದ ಒತ್ತಿದಾಗ ಬೀಗ ಒಂದೇ ಸದ್ದಿಗೆ ಬಿತ್ತು. ಬೇರೆ ದಿನವಾಗಿದ್ದರೆ ಮೇಸ್ತ್ರಿ ಎದ್ದು ಬಂದು ತಮ್ಮನ ಬೆನ್ನು ತಟ್ಟುತ್ತಿದ್ದ. ಅದು ಅಷ್ಟು ಚೆನ್ನಾಗಿತ್ತು ಎನ್ನುವುದೂ ಅವನಿಗೆ ಕಾಣುತ್ತಿತ್ತು. ಕಣ್ಣಿನ ನೀರು ಎಡಕೆನ್ನೆಗೆ ಇಳಿಯಿತು.

"ನೋಡಿ ಅತ್ತಿಗೆ, ಅಣ್ಣ ಅಳ್ತಿದ್ದಾನೆ," ಎಂದ ತಮ್ಮ. ಅವನ ದನಿಯೂ ಒದ್ದೆಯಾಗಿತ್ತು. "ನನ್ನ ಎಂಜಿನ್ ಕೆಲಸ ನೋಡಿ ಅವನು ಬಯ್ಯದೇ ಇರೋದು ಇದೇ ಮೊದಲು."

ಎಂಜಿನ್ನು ಮೊದಲ ತಿರುವಿಗೇ ಎದ್ದಿತು. ತಣ್ಣಗಿರುವ ಎಂಜಿನ್ನನ್ನು ಕಾಲಲ್ಲಿ ಒತ್ತಬಾರದು, ತಾನಾಗಿ ಬೆಚ್ಚಗಾಗಲು ಬಿಡಬೇಕು ಎನ್ನುವುದು ಅಣ್ಣನ ಪಾಠ. ತಮ್ಮ ಅದನ್ನೂ ಮರೆಯಲಿಲ್ಲ. ಕಾಲನ್ನು ದೂರ ಇಟ್ಟು, ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕಾದ. ಸದ್ದು ಸಮವಾಗಿ, ಹದವಾಗಿ, ಉಂಡು ಮಲಗಿದ ಮನುಷ್ಯನ ಉಸಿರಿನಂತೆ ಬರುತ್ತಿತ್ತು. ಮೇಸ್ತ್ರಿ ಅದನ್ನು ಕೇಳಿದ. ತಾನು ಕೂಡಿಸಿದ ಒಂದೊಂದು ಭಾಗವೂ ಅದರೊಳಗೆ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಪಂಕ್ಚರ್ ಅಂಗಡಿಯವನು ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತ. ಏರು ಹತ್ತಿಸಿ ನೋಡಿ ಈಗ ಬಂದುಬಿಡುತ್ತೇವೆ ಎಂದು ತಮ್ಮ ಕೈಬೀಸಿದ. ಕಾರು ನಿಧಾನವಾಗಿ ಗೇಟು ದಾಟಿತು.

ಹೆಂಡತಿ ಲೋಟದಲ್ಲಿ ನೀರು ತಂದು ಅವನ ತುಟಿಗೆ ಹಿಡಿದಳು. ಅವನು ಕುಡಿಯಲಿಲ್ಲ. ಕಿವಿ ರಸ್ತೆಯ ಕಡೆಗಿತ್ತು. ಸದ್ದು ಬೀದಿಯ ಕೊನೆಯವರೆಗೆ ಮೆತ್ತಗೆ ಹೋಯಿತು, ಎಡಕ್ಕೆ ಹೊರಳಿತು, ಏರಿನ ಬುಡಕ್ಕೆ ಬಂತು. ಅಲ್ಲಿ ಗೇರು ಬದಲಾಯಿತು. ಕುರ್ಚಿಯ ಕೆಳಗೆ ಮೇಸ್ತ್ರಿಯ ಎಡಗಾಲು ಕ್ಲಚ್ಚು ಒತ್ತಿದಂತೆ ಒತ್ತಿ, ಬಿಟ್ಟಿತು. ಒಂದು ಕ್ಷಣ ಹೊಸ ಮೂಗಿನಿಂದ ಗಾಳಿ ನುಗ್ಗುವ, ಅವನು ಆರು ವರ್ಷ ಮನಸ್ಸಿನಲ್ಲೇ ಕೇಳಿಕೊಂಡಿದ್ದ ಆ ಸದ್ದು ಏರಿನ ಮೇಲಿಂದ ತುಂಬಿಕೊಂಡು ಬಂತು.

ಆಮೇಲೆ ನಿಂತುಹೋಯಿತು.

"ಮೇಲೆ ಮುಟ್ಟಿರಬೇಕು," ಎಂದಳು ಹೆಂಡತಿ, ಲೋಟವನ್ನು ಇನ್ನೂ ಹಿಡಿದುಕೊಂಡೇ.

"ಒಂದು," ಎಂದ ಮೇಸ್ತ್ರಿ.

ಅವಳು ಎರಡು ಬರಲೆಂದು ಕಾದಳು. ಬರಲಿಲ್ಲ. ಅವನ ತುಟಿ ಮುಚ್ಚಿತ್ತು, ಕಣ್ಣು ಸ್ಟೂಲಿನ ಮೇಲಿತ್ತು. ಅವಳೂ ಅತ್ತ ನೋಡಿದಳು. ಖಾಲಿ ತಟ್ಟೆಯಲ್ಲಿ ಮಧ್ಯಾಹ್ನದ ಬಿಸಿಲು ಒಂದು ಮೂಲೆಯಿಂದ ತುಂಬುತ್ತಿತ್ತು.