ಕಾರಿಡಾರ್ ಸಾಹೇಬರು

"ಕತ್ತರಿ ಇಲ್ಲಿ ಕೊಡು, ವಾರೆಯಾಗಿ ಹೋಗ್ತಿದೆ," ಎಂದು ಅವಳು ತಮ್ಮನ ಕೈಯಿಂದ ಕಿತ್ತುಕೊಂಡೇಬಿಟ್ಟಳು.

ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹರಡಿತ್ತು. ಒಳಕೋಣೆಯಲ್ಲಿ ಅಪ್ಪನ ಕೊನೆಯ ಸ್ನಾನಕ್ಕೆ ನೀರು ಸಿದ್ಧವಾಗುತ್ತಿತ್ತು. ಅವಳು ಶಾಲಾ ಬ್ಯಾಗುಗಳನ್ನು ಹೊಲಿಸುವ ಸಣ್ಣ ಕಾರ್ಖಾನೆ ನಡೆಸುವವಳು. ಬಟ್ಟೆ ಕಂಡರೆ ಕೈ ಸುಮ್ಮನಿರದು. ಸರಸರನೆ ಕತ್ತರಿಸಿ ಮುಗಿಸಿದ ಮೇಲೆ ನೋಡಿದರೆ, ಅಂಚು ಮಡಿಚಿ ಹೊಲಿಯಲು ಎಲ್ಲ ಕಡೆಯೂ ಒಂದಿಷ್ಟು ಜಾಗ ಬಿಟ್ಟಿದ್ದಳು.

"ಇದಕ್ಕೆ ಹೊಲಿಗೆ ಇಲ್ಲ ಕಣೇ, ಹಾಗೇ ಸುತ್ತೋದು," ಎಂದರು ಅತ್ತೆ. ಅವರು ಅಪ್ಪನ ತಂಗಿ, ಜೋರು ಬಾಯಿಯವರು. ಇವತ್ತು ಮಾತ್ರ ಅವರ ದನಿ ನೆಲ ಹಿಡಿದಿತ್ತು.

"ಗೊತ್ತು ಅತ್ತೆ. ಕೈಗೆ ಗೊತ್ತಾಗಲಿಲ್ಲ."

ತಮ್ಮ ಬಟ್ಟೆಯನ್ನು ಮಡಿಚುತ್ತ ಹತ್ತಿರ ಬಂದ. "ಅಕ್ಕಾ, ಹೊರಡೋ ಮುಂಚೆ ಬಂದವರನ್ನೆಲ್ಲ ಕೇಳ್ಬೇಕಲ್ಲ, ಅಪ್ಪನಿಂದ ಯಾರಿಗಾದ್ರೂ ನೋವಾಗಿದ್ರೆ ಕ್ಷಮಿಸಿಬಿಡಿ ಅಂತ. ನೀನೇ ಕೇಳು. ನನ್ನ ಗಂಟಲು ಬೆಳಗ್ಗೆಯಿಂದ ಮುಷ್ಕರ ಹೂಡಿದೆ."

ಅವಳು ಹೂಂ ಎಂದಳು. ಹಿರಿಯಳು, ಬೇಡ ಎನ್ನುವುದಾದರೂ ಹೇಗೆ? ಆದರೆ ಹಾಗೆ ನೋವಾದವರಲ್ಲಿ ಮೊದಲನೆಯವಳು ತಾನೇ, ಮತ್ತು ತಾನು ಇನ್ನೂ ಕ್ಷಮಿಸಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ತಾನು ಕೊಡದಿದ್ದುದನ್ನು ಊರವರ ಹತ್ತಿರ ಯಾವ ಮುಖ ಇಟ್ಟುಕೊಂಡು ಬೇಡುವುದು?

*

ಅಪ್ಪ ಒಂದು ಬಡ್ಡಿಯಿಲ್ಲದ ಹಣಕಾಸು ಸಂಸ್ಥೆಯಲ್ಲಿ ಧರ್ಮ ಮಂಡಳಿಯ ಸದಸ್ಯರಾಗಿದ್ದರು. ಮೂವರು ಹಿರಿಯರ ಮಂಡಳಿ. ಸಂಸ್ಥೆ ಯಾರ ಜೊತೆ ಯಾವ ವ್ಯವಹಾರಕ್ಕೆ ಇಳಿದರೂ ಅದು ಧರ್ಮಕ್ಕೆ ಒಪ್ಪುತ್ತದೆಯೇ, ಒಳಗೆಲ್ಲಾದರೂ ಬಡ್ಡಿ ನುಸುಳಿದೆಯೇ, ಯಾರ ಕಣ್ಣಿಗಾದರೂ ಮಣ್ಣೆರಚಲಾಗಿದೆಯೇ ಎಂದು ನೋಡಿ ಹೂಂ ಅಥವಾ ಉಹೂಂ ಅನ್ನುವುದು ಅವರ ಕೆಲಸ. ತಮ್ಮವರ ವಿಷಯ ಬಂದಾಗ ಸದಸ್ಯರು ಮತ ಹಾಕಬಾರದು ಎಂದು ನಿಯಮವಿತ್ತು. ಉಳಿದವರು ಕುರ್ಚಿಯಲ್ಲೇ ಕೂತು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅಪ್ಪ ಮಾತ್ರ ಎದ್ದು, ಹೊರಗೆ ಹೋಗಿ, ಬಾಗಿಲು ಹಾಕಿಕೊಂಡು ಕಾರಿಡಾರಿನಲ್ಲಿ ನಿಲ್ಲುತ್ತಿದ್ದರು. ಪಕ್ಕದ ಮನೆಯವರ ವಿಷಯ ಬಂದರೂ ಹೊರಗೆ, ಕ್ಷೌರದವನ ವಿಷಯ ಬಂದರೂ ಹೊರಗೆ. ಕಚೇರಿಯವರು ಅವರಿಗೆ ಕಾರಿಡಾರ್ ಸಾಹೇಬರು ಎಂದು ಹೆಸರಿಟ್ಟಿದ್ದರು.

ಮನೆಯಲ್ಲೂ ಅದೇ ಕತೆ. ಅಕ್ಕ ತಮ್ಮ ಚಿಕ್ಕವರಿದ್ದಾಗ ಕಿಟಕಿ ಪಕ್ಕದ ಹಾಸಿಗೆಗಾಗಿ ಜುಟ್ಟು ಹಿಡಿದು ಜಗಳವಾಡಿ ನ್ಯಾಯಕ್ಕೆ ಬಂದರೆ, ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಡುತ್ತಿದ್ದರು. "ಅಮ್ಮನ್ನ ಕೇಳಿ. ನಿಮ್ಮಿಬ್ಬರಲ್ಲಿ ಒಬ್ಬರ ಮೇಲೆ ನನಗೆ ಪ್ರೀತಿ ಜಾಸ್ತಿ. ನಾನು ತೀರ್ಪು ಕೊಡೋ ಹಾಗಿಲ್ಲ."

"ಯಾರ ಮೇಲೆ?" ಎಂದು ಇಬ್ಬರೂ ಹಾಸಿಗೆ ಮರೆತು ಅವರ ಬೆನ್ನು ಹತ್ತುತ್ತಿದ್ದರು. ಅಪ್ಪ ಬಾಯಿ ಬಿಡುತ್ತಿರಲಿಲ್ಲ.

*

ದೊಡ್ಡವಳಾದ ಮೇಲೆ ಅವಳು ಕಾರ್ಖಾನೆಗೆಂದು ಅದೇ ಸಂಸ್ಥೆಯ ಮುಂದೆ ಅರ್ಜಿ ಇಟ್ಟಿದ್ದಳು. ಸಾಲವಲ್ಲ, ಪಾಲುದಾರಿಕೆ: ಲಾಭ ಬಂದರೂ ಇಬ್ಬರದು, ನಷ್ಟವಾದರೂ ಇಬ್ಬರದು. ಅಪ್ಪ ಎಂದಿನಂತೆ ಹೊರಗೆ ಹೋದರು. ಒಳಗೆ ಉಳಿದ ಇಬ್ಬರಲ್ಲಿ ಒಬ್ಬರು ಹೂಂ ಎಂದರು, ಒಬ್ಬರು ಉಹೂಂ ಎಂದರು. ಸಮ ಬಿದ್ದರೆ ಅರ್ಜಿ ಬಿದ್ದಂತೆ.

"ಒಂದೇ ಒಂದು ಹೂಂ ಅಪ್ಪಾ," ಎಂದು ಅಂದು ಸಂಜೆ ಅವಳು ಅತ್ತುಬಿಟ್ಟಿದ್ದಳು. "ನಿಮ್ಮ ಗಂಟೇನು ಹೋಗ್ತಿತ್ತು?"

"ನಿನ್ನ ವಿಷಯದಲ್ಲಿ ನನ್ನ ಹೂಂಗೆ ಬೆಲೆ ಇಲ್ಲಮ್ಮ. ನಾನು ನಿನ್ನ ಅಪ್ಪ."

"ಹಾಗಾದ್ರೆ ಬೇರೆ ಯಾರದೋ ಮಗಳಾಗಿ ಹುಟ್ಟಿದ್ರೆ ಚೆನ್ನಾಗಿತ್ತು."

ಅವಳು ಬಾಡಿಗೆ ಯಂತ್ರಗಳನ್ನು ತಂದು, ಗೆಳತಿಯ ಕಾರು ಶೆಡ್ಡಿನಲ್ಲಿ ಕೆಲಸ ಶುರುಮಾಡಿ, ಹಲ್ಲು ಕಚ್ಚಿಕೊಂಡು ಮೇಲೆ ಬಂದಳು. ಅಪ್ಪನ ಜೊತೆ ಮಾತು ಬಿಡಲಿಲ್ಲ. ಮೊಣಕಾಲು ನೋವು, ಮೊಮ್ಮಕ್ಕಳ ಪರೀಕ್ಷೆ, ಸೋರುವ ನಲ್ಲಿ, ಎಲ್ಲ ಮಾತಾಡಿದರು. ಅದೊಂದನ್ನು ಬಿಟ್ಟು.

*

ಸ್ನಾನ ಮುಗಿದು, ಹೊದಿಸಿದ ಮಂಚವನ್ನು ಹಜಾರಕ್ಕೆ ತಂದಾಗ ಮನೆ ತುಂಬಿತ್ತು. ಮಂಡಳಿಯ ಇನ್ನೊಬ್ಬ ಸದಸ್ಯ ಮೇಷ್ಟ್ರು, ಅಪ್ಪನ ಜೀವದ ಗೆಳೆಯ, ಗೋಡೆ ಹಿಡಿದುಕೊಂಡು ಅವಳ ಹತ್ತಿರ ಬಂದರು.

"ಅವತ್ತು ಉಹೂಂ ಅಂದಿದ್ದು ನಾನೇ ಮಗಳೇ," ಎಂದರು. "ಅವನನ್ನ ಹೊರಗೆ ನಿಲ್ಲಿಸಿ, ಒಳಗೆ ಅವನ ಗೆಳೆಯ ಹೂಂ ಅಂದ್ರೆ ಅವನೇ ಒಳಗೆ ಕೂತಂಗಲ್ವಾ ಅನ್ನಿಸ್ತು. ನಾನೂ ಎದ್ದು ಹೋಗಬೇಕಿತ್ತು. ಇಬ್ಬರೂ ಹೋದ್ರೆ ಸಭೆ ಕಾರಿಡಾರಲ್ಲೇ ನಡೀತಿತ್ತು."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಅಪ್ಪ ಹೊರಗೆ ಹೋಗಿದ್ದೇ ತನ್ನ ನೆರಳು ಒಳಗೆ ಬೀಳದಿರಲಿ ಎಂದು. ಹೊರಗೆ ಹೋದುದರಿಂದಲೇ ಅದು ಅಷ್ಟು ಉದ್ದಕ್ಕೆ ಬಿದ್ದಿತ್ತು.

"ನಾನಿದ್ದೆ ಅವತ್ತು," ಎಂದಳು ಪಕ್ಕದಲ್ಲಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ ಹೆಂಗಸು. ಕಚೇರಿಯಲ್ಲಿ ಚಹಾ ಕೊಡುತ್ತಿದ್ದವಳು. "ಬೇರೆ ದಿನ ಸಾಹೇಬರು ಹೊರಗೆ ಬಂದ್ರೆ ಕಿಟಕಿ ಹತ್ರ ನಿಂತು ನನ್ನ ಜೊತೆ ಹರಟೆ ಹೊಡೆಯೋರು. ಅವತ್ತು ಮಾತಿಲ್ಲ ಕತೆಯಿಲ್ಲ. ಮುಚ್ಚಿದ ಬಾಗಿಲಿಗೆ ಅಂಗೈ ಒತ್ಕೊಂಡು ನಿಂತುಬಿಟ್ರು."

"ಅಂಗೈಯಾ?"

"ನಾನೂ ಅದನ್ನೇ ಕೇಳ್ದೆ. ಏನ್ ಸಾಹೇಬ್ರೆ, ಅಷ್ಟು ಆಸೆ ಇದ್ರೆ ಕಿವಿ ಇಡಿ ಅಂದೆ. ಅದಕ್ಕವರು, 'ಕಿವಿ ಇಟ್ರೆ ಕದ್ದು ಕೇಳಿದಂಗಾಗುತ್ತೆ. ಕೈ ಇಟ್ರೆ ತಪ್ಪಿಲ್ಲ. ಒಳಗಿರೋದು ನನ್ನ ಮಗಳ ಅರ್ಜಿ' ಅಂದ್ರು. ಚಹಾ ತಂದುಕೊಟ್ಟೆ, ಕೆನೆ ಕಟ್ಟಿತು. ಕುರ್ಚಿ ಹಾಕಿದೆ, ಕೂರಲಿಲ್ಲ. ಒಳಗಿಂದ ಇವರು ಬಾಗಿಲು ತೆಗೆದಾಗ ಮುಗ್ಗರಿಸಿ ಬೀಳೋದರಲ್ಲಿದ್ರು, ಪಾಪ."

"ಹೌದು, ನನ್ನ ಎದೆ ಮೇಲೇ ಬಿದ್ದ," ಎಂದರು ಮೇಷ್ಟ್ರು. ಅವರ ಕಣ್ಣು ತುಂಬಿತು.

ಅವಳು ಮಂಚದ ಕಡೆ ನೋಡಿದಳು. ಆ ಸಂಜೆ ಅಪ್ಪ ಇದನ್ನು ಹೇಳಬಹುದಿತ್ತಲ್ಲ. ಹೇಳಿದ್ದರೆ ಕೋಪ ಅಂದೇ ಇಳಿಯುತ್ತಿತ್ತು. ಆದರೆ ಹೇಳಿದರೆ ಅದೂ ತನ್ನ ಪರವಾಗಿ ತಾನೇ ಹಾಕಿಕೊಂಡ ಮತವಾಗುತ್ತಿತ್ತೇನೋ ಆ ಮನುಷ್ಯನಿಗೆ. ಎದೆಯೊಳಗೆ ಏನೋ ಕರಗಿ ಕಣ್ಣಿಗೆ ಬಂತು, ಅವಳು ಒರೆಸಿಕೊಳ್ಳಲೂ ಇಲ್ಲ.

"ಅಕ್ಕಾ, ಹೊತ್ತಾಯ್ತು," ಎಂದ ತಮ್ಮ.

ಜನ ಮಾತು ನಿಲ್ಲಿಸಿದರು. ಅವಳು ಮಂಚದ ತಲೆಗಡೆ ಹೋಗಿ ನಿಂತಳು.

"ನಮ್ಮಪ್ಪನ ಮೇಲೆ ನಂದೂ ಒಂದು ದೂರಿದೆ," ಎಂದಳು. "ಹಾಗಾಗಿ ನಾನು ಕೇಳೋ ಹಾಗಿಲ್ಲ. ತಮ್ಮ ಕೇಳ್ತಾನೆ. ನಾನಿದ್ದೀನಿ ಅಂತ ಯಾರೂ ದಾಕ್ಷಿಣ್ಯಕ್ಕೆ ಬೀಳಬೇಡಿ."

ಅತ್ತೆ ಹಾ ಎಂದು ಬಾಯಿಗೆ ಕೈ ಇಟ್ಟುಕೊಂಡರು. ಮೇಷ್ಟ್ರು ಮಾತ್ರ ತಲೆಯಾಡಿಸಿ ದಾರಿ ಬಿಟ್ಟರು. ಅವಳು ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, ಬಾಗಿಲನ್ನು ಎಳೆದುಕೊಂಡಳು.

ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಎದುರು ಮನೆಯ ಮಕ್ಕಳ ಸೈಕಲ್ಲು ಗೋಡೆಗೆ ಒರಗಿತ್ತು. ಒಳಗೆ ತಮ್ಮನ ದನಿ ಶುರುವಾಗಿ, ಒಡೆದು, ಮತ್ತೆ ಶುರುವಾಯಿತು. ಮಾತುಗಳು ಕೇಳಿಸುತ್ತಿರಲಿಲ್ಲ. ಅವಳು ಕಿವಿ ಇಡಲಿಲ್ಲ. ಅಂಗೈಯನ್ನು ಮರದ ಮೇಲೆ ಅಗಲವಾಗಿ ಒತ್ತಿದಳು. ಅಷ್ಟೂ ಜನ ಒಟ್ಟಿಗೆ ಏನೋ ಹೇಳಿದಾಗ ಬಾಗಿಲು ಸಣ್ಣಗೆ ನಡುಗಿದ್ದು ಅವಳ ಕೈಗೆ ತಿಳಿಯಿತು.

"ಹೂಂ," ಎಂದಳು ಅವಳು, ಯಾರಿಗೂ ಕೇಳಿಸದಂತೆ. "ನಂದೂ ಹೂಂ, ಅಪ್ಪಾ."

ಬಾಗಿಲು ತಟ್ಟನೆ ಒಳಕ್ಕೆ ತೆರೆದುಕೊಂಡಿತು. ಅವಳು ಮುಗ್ಗರಿಸಿದಳು, ಮೇಷ್ಟ್ರು ಹಿಡಿದುಕೊಂಡರು. ಅವರ ಹಿಂದೆ ನಾಲ್ವರು ಹೆಗಲು ಕೊಟ್ಟು ಬರುತ್ತಿದ್ದರು. ಅವಳು ಗೋಡೆಗೆ ಅಂಟಿ ಜಾಗ ಬಿಟ್ಟಳು. ಮಂಚ ಹೊಸ್ತಿಲು ದಾಟಿ, ಓರೆಯಾಗಿ ತಿರುಗಿ, ಅಪ್ಪ ಕಾರಿಡಾರಿಗೆ ಬಂದು ಅವಳ ಪಕ್ಕದಲ್ಲಿ ಒಂದು ಗಳಿಗೆ ನಿಂತರು.